ಮೇಡಂ ಇಲ್ವಾ ಮಾಷ್ಟ್ರೇ?

ಕಾಸರಗೋಡಿನ ಊರ ಗ್ರಂಥಾಲಯದಲ್ಲಿ ಪುಸ್ತಕ ಕೊಡುವವರಿಗೆ ಕನ್ನಡ, ಮಲಯಾಳ, ತುಳು ಮೂರೂ ಬೇಕು. ಮೂರೂ ಬಂದರೂ, ಮೇಜಿನ ಹಿಂದೆ ಗಂಡಸು ಕೂತಿದ್ದರೆ ಕೆಲವರಿಗೆ ಸಮಾಧಾನವಿಲ್ಲ: “ಮೇಡಂ ಇಲ್ವಾ ಮಾಷ್ಟ್ರೇ?”

ಇದು ಹೆಂಗಸರ ಕೆಲಸವೆಂಬ ಮಾತಿಗೆ ಅಮೆರಿಕದಲ್ಲಾದರೂ ಆಧಾರವುಂಟು. ಮೆಲ್ವಿಲ್ ಡ್ಯೂಯಿ 1887ರಲ್ಲಿ ಕೊಲಂಬಿಯಾ ಕಾಲೇಜಿನಲ್ಲಿ ಗ್ರಂಥಾಲಯ ಶಾಲೆ ತೆರೆದಾಗ 20 ವಿದ್ಯಾರ್ಥಿಗಳಲ್ಲಿ 17 ಮಂದಿ ಹೆಂಗಸರು. ಅವರಿಗೆ ಸಂಬಳ ಕಡಿಮೆ ಕೊಟ್ಟರೂ ನಡೆಯುತ್ತದೆಂಬ ಲೆಕ್ಕಾಚಾರವೂ ಆಗಿನ ಆಡಳಿತಗಳಿಗಿತ್ತು.

ನಮ್ಮಲ್ಲಿ ಮಾತ್ರ ಕಪಾಟು ಇಟ್ಟವರು ಮೇಷ್ಟ್ರುಗಳು. ಗಣಿತ ಕಲಿಸುತ್ತಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಗಳಲ್ಲಿ ಬೇಸತ್ತು, ಪಾಠಕ್ಕೇ ಮರಳುತ್ತೇನೆಂದು ದುಂಬಾಲು ಬಿದ್ದರು. ಆ ಕೆಲಸ ಕಲಿಯಲು ಲಂಡನ್ನಿಗೆ ಹೋಗಿ ಬಂದ ಮೇಲೆ ಆ ಸುದ್ದಿಯೇ ಇಲ್ಲ! 1931ರಲ್ಲಿ ಗ್ರಂಥಾಲಯಗಳಿಗೆ ಪಂಚಸೂತ್ರವನ್ನೇ ಬರೆದುಕೊಟ್ಟರು. 1945ರಲ್ಲಿ ತಿರುವಾಂಕೂರಿನಲ್ಲಿ ಗ್ರಂಥಶಾಲಾ ಸಂಘ ಕಟ್ಟಿದ ಪಿ. ಎನ್. ಪಣಿಕ್ಕರ್ ಕೂಡ ಮೇಷ್ಟ್ರೇ.

ಈಗ ಕೇರಳದಲ್ಲಿ ಹೆಂಗಸರಿಗೆ, ಹಿರಿಯರಿಗೆ ಮನೆಬಾಗಿಲಿಗೇ ಪುಸ್ತಕ ತಲುಪಿಸುವ ಯೋಜನೆಯಿದೆ. ಗಂಡಸೊಬ್ಬ ಚೀಲ ಹೊತ್ತು ಅಂಗಳಕ್ಕೆ ಬಂದರೆ ಮೊದಲು ನಾಯಿ ಬೊಗಳುತ್ತದೆ. ಆಮೇಲೆ ಒಳಗಿನಿಂದ ಪ್ರಶ್ನೆ: “ಯಾವ ಬ್ಯಾಂಕಿನವರು?” ತ್ರಿವೇಣಿಯವರ ಕಾದಂಬರಿ ಚೀಲದಿಂದ ಹೊರಬಂದರೆ ಮಾತ್ರ ಚಾ ಬರುತ್ತದೆ. ಜೊತೆಗೆ ಬೇಡಿಕೆ: “ಮುಂದಿನ ವಾರ ಅನುಪಮಾ ನಿರಂಜನರದ್ದು ತನ್ನಿ. ಇಲ್ಲದಿದ್ದರೆ ಮೇಡಂನ್ನೇ ಕಳಿಸಿ.”