ಹೆಣ ಗೊರಕೆ ಹೊಡೆಯಲ್ಲ ಸ್ವಾಮಿ!

ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ವಿಮಾನ ಹತ್ತಿ ಬರುವವರುಂಟು. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನಿಂದ ಇಲ್ಲಿಗೆ ಬಂದ ಮೇಲೆ ನಮ್ಮ ಎಳನೀರಿನವನೂ ಇಂಗ್ಲಿಷ್ ಕಲಿತುಬಿಟ್ಟ. ನಮಗೆ ಮಾತ್ರ ವಿಮಾನದ ಖರ್ಚಿರಲಿಲ್ಲ. ಪಕ್ಕದ ಮನೆಯ ಟೆರೇಸಿನಲ್ಲಿ ಡ್ರಿಲ್ ಮೇಷ್ಟ್ರಿದ್ದರು.

ಚಿತ್ರದುರ್ಗದ ಕಡೆಯವರು. ವಯಸ್ಸಿನಲ್ಲಿ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಗಳ ಶಿಬಿರದಲ್ಲಿ ಆಸನ ಕಲಿತವರು. ಜೋಳಿಗೆ ಹಿಡಿದು ಅನಾಥ ಸೇವಾಶ್ರಮ ಕಟ್ಟಿ, ‘ತಿರುಕ’ ಎಂಬ ಹೆಸರಿನಲ್ಲಿ ಬರೆದ ಸ್ವಾಮೀಜಿಯ ಶಿಷ್ಯ ಫೀಸು ಕೇಳುವುದುಂಟೇ? ತಿಂಗಳಿಗೆ ಒಂದು ಪಾವು ಅಕ್ಕಿ ತಂದು ಡಬ್ಬಕ್ಕೆ ಸುರಿಯಬೇಕು. ಅದು ಬಡಮಕ್ಕಳ ಹಾಸ್ಟೆಲ್ಲಿಗೆ. ಯಾರೋ ರೇಷನ್ ಅಕ್ಕಿ ತಂದಾಗ ಮೇಷ್ಟ್ರು ಮುಷ್ಟಿಯಲ್ಲಿ ಹಿಡಿದು ನೋಡಿ, “ನಿಮ್ಮನೇಲಿ ಇದನ್ನೇ ಉಣ್ತೀರೇನ್ರೀ?” ಎಂದರು. ಮಾರನೇ ದಿನ ಸೋನಾ ಮಸೂರಿ ಬಂತು.

ಎಂಬತ್ತು ದಾಟಿದ್ದರೂ ದನಿ ಮಾತ್ರ ಹೈಸ್ಕೂಲ್ ಮೈದಾನದ್ದೇ. ಪಶ್ಚಿಮೋತ್ತಾನಾಸನದಲ್ಲಿ ನಮ್ಮನ್ನು ಬಗ್ಗಿಸಿಟ್ಟು ಹತ್ತರವರೆಗೆ ಎಣಿಸುವರು. ಏಳಕ್ಕೆ ಬರುವಾಗ ಯಾರದೋ ಮಂಡಿ ಮೇಲೆದ್ದಿರುವುದು ಕಾಣುತ್ತಿತ್ತು. ಅವರನ್ನು ಗದರಿ ಮತ್ತೆ ನಾಲ್ಕರಿಂದ ಶುರು. ಕೆಳಗಿನ ಅಡುಗೆಮನೆಗಳಿಂದ ಕುಕ್ಕರ್ ಕೂಗಿದರೆ, ಮೂಗು ಮಂಡಿಗೆ ತಾಗಿಸಿಕೊಂಡೇ ಒಬ್ಬಾಕೆ, “ಮೂರು ಆಯ್ತು, ಗ್ಯಾಸ್ ಆರ್ಸೇ!” ಎಂದು ಮಗಳಿಗೆ ಕೂಗುವರು. “ಗಮನ ಅಂದ್ರೆ ಅದಮ್ಮಾ, ಅದನ್ನೇ ಉಸಿರಿನ ಮೇಲಿಡು,” ಎನ್ನುವರು ಮೇಷ್ಟ್ರು.

ಅವರ ಪ್ರಕಾರ ಅತಿ ಕಷ್ಟದ ಆಸನ ಶವಾಸನ. ಜಮಖಾನದ ಮೇಲೆ ಅಂಗಾತ ಮಲಗಿದ ಎರಡೇ ನಿಮಿಷಕ್ಕೆ ನಿವೃತ್ತ ಬ್ಯಾಂಕ್ ಮ್ಯಾನೇಜರರಿಂದ ಗೊರಕೆ ಏಳುತ್ತಿತ್ತು. “ಹೆಣ ಗೊರಕೆ ಹೊಡೆಯಲ್ಲ ಸ್ವಾಮಿ!” ಎಂಬ ಗರ್ಜನೆಗೆ ಉಳಿದ ಹೆಣಗಳೆಲ್ಲ ನಗುತ್ತಿದ್ದವು.

ಸಕ್ಕರೆ ಕಾಯಿಲೆಗೆ ಯಾವ ಆಸನ ಎಂದು ಕೇಳಿದವರಿಗೆ, “ಮೊದಲು ಮೈಸೂರ್‌ಪಾಕ್ ಬಿಡೋ ಆಸನ ಹಾಕಿ, ಮಾತ್ರೆ ಮಾತ್ರ ಬಿಡಬೇಡಿ,” ಎಂದಿದ್ದರು. ಯೋಗದಿಂದ ಸಕಲ ರೋಗ ಪರಿಹಾರ ಎಂದು ಅವರು ಒಂದು ದಿನವೂ ಹೇಳಲಿಲ್ಲ. ನನಗೆ ಅವರ ಮೇಲೆ ನಂಬಿಕೆ ಬಂದದ್ದೇ ಅದರಿಂದ.

ಒಂದು ವಿಷಯದಲ್ಲಿ ಮಾತ್ರ ಜಂಬ. ಜೋಯಿಸರಿಗೂ ಬಿ.ಕೆ.ಎಸ್. ಅಯ್ಯಂಗಾರರಿಗೂ ಕಲಿಸಿದ, ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ದಾರಿಯಲ್ಲಿ ಮ್ಯಾಟ್ ಹೊತ್ತ ಫ್ರೆಂಚ್ ಹುಡುಗ ಸಿಕ್ಕರೂ ನಿಲ್ಲಿಸಿ, “ಅವರು ನಮ್ಮ ಜಿಲ್ಲೆಯವರು, ಗೊತ್ತೇನಪ್ಪಾ?” ಎಂದು ಅಚ್ಚಗನ್ನಡದಲ್ಲಿ ಕೇಳುವರು. ಆತ ಕೈಮುಗಿದು ಹೋಗುತ್ತಿದ್ದ.

2015ರ ಜೂನ್ 21ರಂದು ಮೊದಲ ಅಂತರರಾಷ್ಟ್ರೀಯ ಯೋಗ ದಿನಕ್ಕೆ ಬಡಾವಣೆಯವರು ಶಾಲು ಹೊದೆಸಿದರು. ಟೀ ಶರ್ಟು, ಬಾಳೆಹಣ್ಣು, ಫೋಟೋ ಎಲ್ಲ ಮುಗಿದ ಮೇಲೆ ಮೇಷ್ಟ್ರು ಮೈಕ್ ಹಿಡಿದು ಕೇಳಿದ್ದಿಷ್ಟೇ: “ನಾಳೆ ಎಷ್ಟು ಜನ ಬರ್ತೀರಿ?” ಇಪ್ಪತ್ತೆರಡಕ್ಕೆ ಟೆರೇಸಿನಲ್ಲಿದ್ದವರು ನಾವು ಹಳಬರೇ.

ಮೇಷ್ಟ್ರು ಈಗಿಲ್ಲ. ತರಗತಿ ಇದೆ, ಅಕ್ಕಿ ಡಬ್ಬವೂ ಇದೆ. ಎಣಿಸುವ ಕೆಲಸ ಬ್ಯಾಂಕ್ ಮ್ಯಾನೇಜರರದ್ದು, ಲೆಕ್ಕ ತಪ್ಪುವುದಿಲ್ಲ. ಈ ಕಡೆ ಬಂದರೆ ಬನ್ನಿ, ಬೆಳಗ್ಗೆ ಐದೂವರೆಗೆ. ತಡವಾದರೆ ಗೇಟು ತೆಗೆಯುವುದಿಲ್ಲ.