ಡೆಕ್ಕೇಶ್ವರ

ಬಾಯಿ ತೆರೆಯುವುದಕ್ಕೆ ಮೊದಲು ಲ್ಯಾಪ್‌ಟಾಪ್ ತೆರೆಯುವ ನೌಕರನಿಗೆ ಡೆಕ್ಕೇಶ್ವರ ಎಂದು ಹೆಸರು. ಸ್ಲೈಡುಗಳ ಕಟ್ಟನ್ನು ಕಂಪನಿಗಳಲ್ಲಿ ಡೆಕ್ ಎನ್ನುತ್ತಾರೆ. ಅದರ ಒಡೆಯ ಇವನು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಮಾನ್ಯತಾ ಟೆಕ್ ಪಾರ್ಕ್ ಮತ್ತು ಹೊರ ವರ್ತುಲ ರಸ್ತೆಯ ಎರಡೂ ಬದಿಗಳಲ್ಲಿ ಈ ಸಂತತಿ ದಟ್ಟವಾಗಿದೆ. ಜಿಲ್ಲಾ ಪಂಚಾಯಿತಿಯ ಸಭಾಂಗಣದಲ್ಲೂ ಎಂಜಿನಿಯರಿಂಗ್ ಕಾಲೇಜಿನ ಸೆಮಿನಾರ್ ಹಾಲಿನಲ್ಲೂ ಉಪಜಾತಿಗಳು ಸಿಗುತ್ತವೆ. ಹೆಣ್ಣು ಗಂಡೆಂಬ ಭೇದ ಇಲ್ಲಿಲ್ಲ. 'ಇವನು' ಎಂದದ್ದು ಬರವಣಿಗೆಯ ಅನುಕೂಲಕ್ಕೆ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಕ್ಲಿಕ್ಕರ್, ಬ್ಯಾಗಿನಲ್ಲಿ ಮೂರು ಬಗೆಯ ಡಾಂಗಲ್ ಇವನ ಲಾಂಛನ. ಸಭಾಕೊಠಡಿಯ ಟೀವಿಗೆ ಬೇಕಾಗುವುದು ನಾಲ್ಕನೆಯ ಬಗೆಯದು.

ಇವನ ಆಯುಧಕ್ಕೆ ದೊಡ್ಡ ಇತಿಹಾಸವೇನಿಲ್ಲ. ಅಮೆರಿಕದ ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ರೂಪಿಸಿದ ಪವರ್‌ಪಾಯಿಂಟ್ 1987ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರಿಗೆಂದು ಹೊರಬಂತು. ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರ್ ಕೊಟ್ಟು ಆ ಕಂಪನಿಯನ್ನೇ ಕೊಂಡುಕೊಂಡಿತು. 1990ರಲ್ಲಿ ವಿಂಡೋಸ್‌ಗೂ ಅದು ಬಂತು. ಮೊದಲ ಆವೃತ್ತಿಗೆ ಬಣ್ಣವಿರಲಿಲ್ಲ. ಓವರ್‌ಹೆಡ್ ಪ್ರೊಜೆಕ್ಟರಿನ ಮೇಲಿಡುವ ಪಾರದರ್ಶಕ ಹಾಳೆಗಳನ್ನು ತಯಾರಿಸಿಕೊಡುವುದಷ್ಟೇ ಅದರ ಕೆಲಸ. ಹಾಳೆಗೆ ದುಡ್ಡು ಬೀಳುತ್ತಿತ್ತು, ತಪ್ಪಾದರೆ ಮತ್ತೆ ಮುದ್ರಿಸಬೇಕಿತ್ತು. ಹಾಗಾಗಿ ಹೇಳುವುದಿದ್ದವನು ನಾಲ್ಕೈದು ಹಾಳೆಗಳಲ್ಲಿ ಹೇಳಿ ಕೂತುಬಿಡುತ್ತಿದ್ದ. ಹಾಳೆ ಪುಕ್ಕಟೆಯಾದ ದಿನ ಡೆಕ್ಕೇಶ್ವರ ಹುಟ್ಟಿದ.

ಡೆಕ್ಕನ್ನು ಯಾರೂ ಹೊಸದಾಗಿ ಮಾಡುವುದಿಲ್ಲ. ಕಳೆದ ತ್ರೈಮಾಸಿಕದ್ದನ್ನು ತೆಗೆದು ದಿನಾಂಕ ಬದಲಿಸುವುದು ವಾಡಿಕೆ. ಹದಿನಾಲ್ಕನೆಯ ಸ್ಲೈಡಿನ ಅಡಿಯಲ್ಲಿ ಹಿಂದಿನ ಗಿರಾಕಿಯ ಹೆಸರು ಹಾಗೇ ಉಳಿದಿರುತ್ತದೆ. ಅದನ್ನು ಮೊದಲು ಗಮನಿಸುವವನು ಈಗಿನ ಗಿರಾಕಿ. ಫೈಲಿನ ಹೆಸರು 'ಫೈನಲ್' ಎಂದು ಶುರುವಾಗಿ 'ಫೈನಲ್ ರಿವೈಸ್ಡ್', 'ಫೈನಲ್ ವಿ 7', 'ಇದೇ ಫೈನಲ್' ಎಂದು ಬೆಳೆಯುತ್ತದೆ, ಮತ್ತು ಸಭೆಯಲ್ಲಿ ತೆರೆದುಕೊಳ್ಳುವುದು ವಿ 5. ನೀರೊಳಗಿನ ಮಂಜುಗಡ್ಡೆ, ಕೈ ಕುಲುಕುವ ಎರಡು ಕೋಟಿನ ತೋಳುಗಳು, ಮೇಲಕ್ಕೇ ಹೋಗುವ ಬಾಣ, ಎಲ್ಲ ಸಮಸ್ಯೆಗಳನ್ನೂ ನುಂಗಬಲ್ಲ ನಾಲ್ಕು ಮನೆಗಳ ಚೌಕ ಎಲ್ಲಾ ಡೆಕ್ಕಿಗೂ ಸಾಮಾನ್ಯ. ವಿಲಿಯಂ ಪ್ಲೇಫೇರ್ 1801ರಲ್ಲಿ ಪೈ ಚಾರ್ಟನ್ನು ಬಳಕೆಗೆ ತಂದಾಗ ಅದರ ಅತಿ ದೊಡ್ಡ ತುಂಡಿಗೆ 'ಇತರೆ' ಎಂದು ಹೆಸರಿಡುವವರು ಮುಂದೆ ಹುಟ್ಟುತ್ತಾರೆಂದು ಊಹಿಸಿರಲಾರ. ಎಂಟು ಗಂಟೆಯ ತಯಾರಿಯಲ್ಲಿ ಏಳು ಗಂಟೆ ಡಬ್ಬಿಗಳನ್ನು ಒಂದೇ ಗೆರೆಗೆ ಕೂರಿಸುವುದರಲ್ಲಿ ಕಳೆಯುತ್ತದೆ. ಉಳಿದ ಒಂದು ಗಂಟೆ ವಿಷಯಕ್ಕಲ್ಲ, ಟೆಂಪ್ಲೇಟಿನ ನೀಲಿ ಹೊಸ ನೀಲಿಯೋ ಹಳೆಯ ನೀಲಿಯೋ ಎಂಬ ವಿಚಾರಣೆಗೆ.

ಕೆಲಸ ಹೇಗೆ ನಡೆದಿದೆ ಎಂಬುದನ್ನು ಕೆಂಪು, ಹಳದಿ, ಹಸಿರು ಬೊಟ್ಟುಗಳಿಂದ ಸೂಚಿಸುವುದು ರೂಢಿ. ಕೆಂಪು ಹಚ್ಚಿದರೆ ಮೇಲಿನವರ ಫೋನ್ ಬರುತ್ತದೆ, ಹಳದಿ ಹಚ್ಚಿದರೆ ಇಮೇಲ್ ಬರುತ್ತದೆ, ಹಸಿರು ಹಚ್ಚಿದರೆ ಯಾರೂ ಮಾತಾಡಿಸುವುದಿಲ್ಲ. ಮೇಲೆ ಹಸಿರಿದ್ದು ಒಳಗೆ ಕೆಂಪಾಗಿರುವ ಇಂಥ ವರದಿಗೆ ಪ್ರಾಜೆಕ್ಟ್ ಮ್ಯಾನೇಜರುಗಳ ನಡುವೆ ಕಲ್ಲಂಗಡಿ ಎಂದೇ ಹೆಸರು.

ಸಭೆಯ ದಿನ ಮೊದಲ ಹತ್ತು ನಿಮಿಷ ಕೇಬಲಿಗೆ ಮೀಸಲು. ಮುಂದಿನದು 'ಎಲ್ಲರಿಗೂ ಸ್ಕ್ರೀನ್ ಕಾಣ್ತಿದೆಯಾ?' ಎಂಬ ನಾಂದಿ. ಆಮೇಲೆ ಡೆಕ್ಕೇಶ್ವರ ಸಭೆಗೆ ಬೆನ್ನು ತಿರುಗಿಸಿ, ಪರದೆಯ ಮೇಲಿರುವುದನ್ನು ಅಕ್ಷರಕ್ಷರವಾಗಿ ಓದುತ್ತಾನೆ. ಕೂತವರಿಗೂ ಓದಲು ಬರುತ್ತದೆ, ಅದೂ ಇವನಿಗಿಂತ ಬೇಗ. ಅವರು ಸ್ಲೈಡ್ ಮುಗಿಸಿ, ವಾಟ್ಸಾಪ್ ನೋಡಿ, ಮಧ್ಯಾಹ್ನದ ಊಟಕ್ಕೆ ಆರ್ಡರ್ ಕೊಟ್ಟು ತಲೆಯೆತ್ತುವಾಗ ಇವನಿನ್ನೂ ಮೂರನೆಯ ಬುಲೆಟ್ಟಿನಲ್ಲಿರುತ್ತಾನೆ. 'ಈ ಸ್ಲೈಡು ತಾನೇ ಅರ್ಥವಾಗುತ್ತದೆ' ಎಂದು ಹೇಳಿದ ಸ್ಲೈಡಿಗೆ ಹೆಚ್ಚು ವಿವರಣೆ ಕೊಡುವುದು, 'ಹಿಂದೆ ಕೂತವರಿಗೆ ಇದು ಕಾಣಲಿಕ್ಕಿಲ್ಲ' ಎಂದ ಕೋಷ್ಟಕವನ್ನು ಸಾಲುಸಾಲಾಗಿ ತೋರಿಸುವುದು ಇವನ ಖಚಿತ ಲಕ್ಷಣಗಳು. ಹತ್ತು ಸ್ಲೈಡು, ಇಪ್ಪತ್ತು ನಿಮಿಷ, ಮೂವತ್ತು ಪಾಯಿಂಟಿನ ಅಕ್ಷರ ಎಂಬ ಗೈ ಕವಾಸಾಕಿಯ ಸೂತ್ರ ಇವನಿಗೆ ಬಾಯಿಪಾಠ. ನಲವತ್ತೇಳು ಸ್ಲೈಡಿನ ಡೆಕ್ಕಿನಲ್ಲಿ, ಹನ್ನೆರಡು ಪಾಯಿಂಟಿನ ಅಕ್ಷರದಲ್ಲಿ, ಅದಕ್ಕೂ ಒಂದು ಸ್ಲೈಡಿದೆ.

ಇವನಿಗೆ ಮಾತು ಬರುವುದಿಲ್ಲವೆಂದು ತೀರ್ಮಾನಿಸುವುದು ಅನ್ಯಾಯ. ಅದೇ ದಿನ ಸಂಜೆ ಗೇಟಿನಾಚೆಯ ಚಹಾ ಗೂಡಿನಲ್ಲಿ ಗೆಳೆಯ ಕೇಳಿದರೆ ಇವನು ಹೀಗೆನ್ನುತ್ತಾನೆ: 'ನೋಡು ಮಾರಾಯ, ಸರ್ವರ್ ಹಳೇದು. ದೀಪಾವಳಿ ಸೇಲಿಗೆ ತಡ್ಕೊಳ್ಳಲ್ಲ. ಈಗ ಎಂಟು ಲಕ್ಷ ಬಿಚ್ಚಿದ್ರೆ ಮುಗೀತು. ಇಲ್ಲಾಂದ್ರೆ ಹಬ್ಬದ ದಿನ ನಾವೆಲ್ಲ ಇಲ್ಲೇ ಮಲಗ್ಬೇಕು.' ತೊಂದರೆ, ಕಾರಣ, ಖರ್ಚು, ಗಡುವು, ಮಾಡದಿದ್ದರೆ ಏನಾಗುತ್ತದೆ ಎಂಬ ಎಚ್ಚರಿಕೆ ಎಲ್ಲವೂ ಒಂದು ಬೈ-ಟು ಚಹಾ ಆರುವುದರೊಳಗೆ ಬಂದುಬಿಟ್ಟವು. ಬೆಳಗಿನ ಡೆಕ್ಕಿನಲ್ಲಿ ಇದೇ ಸಂಗತಿಗೆ 'ಲೆಗಸಿ ಇನ್‌ಫ್ರಾಸ್ಟ್ರಕ್ಚರ್ ಆಪ್ಟಿಮೈಸೇಶನ್ ರೋಡ್‌ಮ್ಯಾಪ್' ಎಂಬ ತಲೆಬರಹವಿತ್ತು, ಕೆಳಗೆ ಒಂಬತ್ತು ಬುಲೆಟ್ಟುಗಳಿದ್ದವು, ದೀಪಾವಳಿ ಎಲ್ಲೂ ಇರಲಿಲ್ಲ. ಗೂಡಂಗಡಿಯ ಮಾತಿಗೆ ಕರ್ತೃ ಉಂಟು, ಕ್ರಿಯಾಪದ ಉಂಟು. ನಾಳೆ ಸುಳ್ಳಾದರೆ ಹೇಳಿದವನು ಸಿಕ್ಕಿಬೀಳುತ್ತಾನೆ. ಬುಲೆಟ್ಟಿನಲ್ಲಿ 'ವಿಳಂಬ' ಎಂದಷ್ಟೇ ಇರುತ್ತದೆ. ಯಾರು ತಡ ಮಾಡಿದರು, ಎಷ್ಟು ದಿನ, ಮುಂದೇನು ಎಂದು ಅದು ಹೇಳುವುದಿಲ್ಲ. ಡೆಕ್ಕೇಶ್ವರ ಸ್ಲೈಡು ಕಟ್ಟುವುದು ವಿಷಯ ತಿಳಿಸುವುದಕ್ಕಿಂತ ಹೆಚ್ಚಾಗಿ ಅದರ ಹಿಂದೆ ನಿಲ್ಲುವುದಕ್ಕೆ.

ಈ ಅಭ್ಯಾಸ ನಗುವಿನಲ್ಲೇ ಮುಗಿಯುವುದಿಲ್ಲ ಎನ್ನುವುದಕ್ಕೆ ದಾಖಲೆಯಿದೆ. 2003ರ ಜನವರಿಯಲ್ಲಿ ಕೊಲಂಬಿಯಾ ಗಗನನೌಕೆ ಮೇಲೇರುವಾಗ ಫೋಮಿನ ತುಂಡೊಂದು ರೆಕ್ಕೆಗೆ ಬಡಿಯಿತು. ಅಪಾಯವೆಷ್ಟೆಂದು ಎಂಜಿನಿಯರುಗಳು ನಾಸಾಕ್ಕೆ ವಿವರಿಸಿದ್ದು ಸ್ಲೈಡುಗಳಲ್ಲಿ. ಪರೀಕ್ಷೆಗಳಲ್ಲಿ ಬಳಸಿದ್ದ ತುಂಡು 3 ಘನ ಇಂಚಿನದು, ಈಗ ಬಡಿದದ್ದು ಸುಮಾರು 1920 ಘನ ಇಂಚಿನದು ಎಂಬ ಮಾತು ಒಂದು ಸ್ಲೈಡಿನ ಕಟ್ಟಕಡೆಯಲ್ಲಿ, ಉಪಬುಲೆಟ್ಟಿನಲ್ಲಿತ್ತು. ತಲೆಬರಹ ಓದಿದವರಿಗೆ ಧೈರ್ಯವೇ ಬರುವಂತಿತ್ತು. ಫೆಬ್ರವರಿ 1ರಂದು ಮರಳುವಾಗ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳು ಜನ ತೀರಿಕೊಂಡರು. ತಾಂತ್ರಿಕ ವರದಿಗಳ ಜಾಗದಲ್ಲಿ ಸ್ಲೈಡುಗಳನ್ನು ಬಳಸುವ ನಾಸಾದ ರೂಢಿಯನ್ನು ತನಿಖಾ ಮಂಡಳಿ ಟೀಕಿಸಿತು. ಆ ಸ್ಲೈಡನ್ನು ಸಾಲುಸಾಲಾಗಿ ಬಿಡಿಸಿ ತೋರಿಸಿದವರು ಮಾಹಿತಿ ವಿನ್ಯಾಸದ ವಿದ್ವಾಂಸ ಎಡ್ವರ್ಡ್ ಟಫ್ಟಿ. ಮರುವರ್ಷ, 2004ರಲ್ಲಿ, ಅಮೆಜಾನಿನ ಜೆಫ್ ಬೆಜೋಸ್ ಹಿರಿಯ ಅಧಿಕಾರಿಗಳ ಸಭೆಗೆ ಪವರ್‌ಪಾಯಿಂಟ್ ತರುವುದನ್ನೇ ನಿಲ್ಲಿಸಿದರು. ಪೂರ್ಣ ವಾಕ್ಯಗಳ, ಆರು ಪುಟದೊಳಗಿನ ಬರಹ ತಂದು, ಎಲ್ಲರೂ ಮೌನವಾಗಿ ಓದಿ ಆಮೇಲೆ ಮಾತಾಡುವುದು ಅಲ್ಲಿನ ಪದ್ಧತಿಯಾಯಿತು. ಡೆಕ್ಕೇಶ್ವರ ಈ ಕಥೆಯನ್ನು ಬಹಳ ಮೆಚ್ಚುತ್ತಾನೆ. ಅದರ ಮೇಲೆ ಎರಡು ಸ್ಲೈಡು ಮಾಡಿಟ್ಟಿದ್ದಾನೆ.

ಕೌಶಲ ಸುಧಾರಣೆಗೆಂದು ಕಂಪನಿ ಇವನನ್ನು ತರಬೇತಿಗೆ ಕಳಿಸುತ್ತದೆ. ಅಲ್ಲಿ ಮೊದಲ ದಿನವೇ ಕಲಿಸುವುದು: ಸಂವಹನದಲ್ಲಿ ಪದಗಳ ಪಾಲು ಶೇ 7, ದನಿಯದು ಶೇ 38, ಹಾವಭಾವದ್ದು ಶೇ 55. ಇದು ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳ ಲೆಕ್ಕ. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೋಗಳನ್ನು ತೋರಿಸಿ, ಹೇಳುವವರಿಗೆ ಇಷ್ಟವೋ ಅನಿಷ್ಟವೋ ಎಂದು ಊಹಿಸಲು ಕೇಳಿದ ಪ್ರಯೋಗವದು. ಭಾವನೆಗಳ ಮಾತಿಗೆ ಬಿಟ್ಟು ಬೇರೆಲ್ಲೂ ಈ ಲೆಕ್ಕ ಒಪ್ಪದು ಎಂದು ಸ್ವತಃ ಮೆಹ್ರಾಬಿಯನ್ನರೇ ಹೇಳಿದ್ದಾರೆ. ತರಬೇತುದಾರರು ಅಲ್ಲಿಯವರೆಗೆ ಓದುವುದಿಲ್ಲ. ಕರಾವಳಿಯಲ್ಲಿ ತಾಳಮದ್ದಳೆ ಕೇಳಿದವರಿಗೆ ಈ ಶೇ 7ರ ಸಿದ್ಧಾಂತ ನುಂಗುವುದು ಕಷ್ಟ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕೂತಲ್ಲೇ ಮಾತಿನಿಂದಲೇ ಕೃಷ್ಣನಾಗಿ ಸಂಧಾನಕ್ಕೆ ಹೊರಟರೆ, ಎದುರಿನ ಕೌರವ ಸಿದ್ಧಪಠ್ಯವಿಲ್ಲದೆ ಅಲ್ಲೇ ಉತ್ತರ ಹುಟ್ಟಿಸಬೇಕು. ಹಾಗೆ ಬೆಳಗು ಮಾಡಿದವರ ಊರಿನಿಂದ ಬಂದ ಹುಡುಗನೂ ತರಬೇತಿ ಮುಗಿಸಿ ಬಂದ ಮೇಲೆ ಶೇ 55ರ ಪಾಲಿಗೆಂದು ಕೈ ಬೀಸುತ್ತಾನೆ, ನೀರಿನ ಲೋಟ ಉರುಳಿಸುತ್ತಾನೆ.

ವಾರಾಂತ್ಯಕ್ಕೆ ಟೋಸ್ಟ್‌ಮಾಸ್ಟರ್ಸ್ ಇದೆ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರುಮಾಡಿದ ಈ ಭಾಷಣ ಕೂಟದ ಶಾಖೆಗಳು ಬೆಂಗಳೂರಿನ ಕಂಪನಿಗಳ ಒಳಗೂ ಇವೆ. ಐದರಿಂದ ಏಳು ನಿಮಿಷದ ಭಾಷಣ, ಹಸಿರು, ಹಳದಿ, ಕೆಂಪು ಸೂಚನೆ, 'ಆಂ', 'ಊಂ'ಗಳನ್ನು ಎಣಿಸಲೆಂದೇ ಒಬ್ಬ ಸದಸ್ಯ. ನಿಜಕ್ಕೂ ಉಪಯುಕ್ತ ಏರ್ಪಾಡು. ಅಲ್ಲಿ ಸ್ಲೈಡಿಲ್ಲದೆ ಸೊಗಸಾಗಿ ಮಾತಾಡಿ ರಿಬ್ಬನ್ ಗೆದ್ದ ಡೆಕ್ಕೇಶ್ವರ ಸೋಮವಾರ ಬೆಳಗ್ಗೆ ಮತ್ತೆ ಕೇಬಲ್ ಹುಡುಕುತ್ತಾನೆ.

ಸರ್ಕಾರಿ ಉಪಜಾತಿಯ ಲಕ್ಷಣ ಸ್ವಲ್ಪ ಬೇರೆ. ಮೂರು ತಿಂಗಳಿಗೊಮ್ಮೆ ನಡೆಯುವ ಕೆಡಿಪಿ, ಅಂದರೆ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ, ಪ್ರಗತಿ ಪರಿಶೀಲನಾ ಸಭೆ ಇದರ ರಂಗ. ಇಲ್ಲಿ ಮಂಜುಗಡ್ಡೆಯ ಚಿತ್ರವಿಲ್ಲ. ಭೌತಿಕ ಗುರಿ, ಆರ್ಥಿಕ ಗುರಿ, ಸಾಧನೆ, ಶೇಕಡಾವಾರು, ಷರಾ ಎಂಬ ಕಾಲಮ್ಮುಗಳ ಕೋಷ್ಟಕವೊಂದೇ. ನುಡಿ ತಂತ್ರಾಂಶದಲ್ಲಿ ಟೈಪಿಸಿದ ಫೈಲನ್ನು ಆ ಫಾಂಟಿಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಇಡೀ ಇಲಾಖೆಯ ಸಾಧನೆ ಯಾವ ದೇಶದ್ದೂ ಅಲ್ಲದ ಲಿಪಿಯಲ್ಲಿ ಮೂಡುತ್ತದೆ. ಆಗ ಅಧಿಕಾರಿ ಕೈಯಲ್ಲಿದ್ದ ಹಾಳೆ ನೋಡಿಕೊಂಡು ಬಾಯಲ್ಲೇ ಹೇಳಬೇಕಾಗುತ್ತದೆ, ಸಭೆಗೆ ಮೊದಲ ಬಾರಿ ಅರ್ಥವಾಗುತ್ತದೆ, ಶಾಸಕರು ಪ್ರಶ್ನೆ ಕೇಳಲು ಶುರುಮಾಡುತ್ತಾರೆ. ಮುಂದಿನ ಸಭೆಗೆ ಅಧಿಕಾರಿ ಫಾಂಟನ್ನೂ ಪೆನ್‌ಡ್ರೈವಿನಲ್ಲಿ ತರುತ್ತಾನೆ.

ಪ್ರಶ್ನೆಯೇ ಈ ಕುಲಕ್ಕೆಲ್ಲ ಸಹಜ ಶತ್ರು. ಅದನ್ನೆದುರಿಸಲು ಕಂಪನಿಯ ಡೆಕ್ಕೇಶ್ವರನಲ್ಲಿ ಮೂರು ವರಸೆಗಳಿವೆ. 'ಒಳ್ಳೇ ಪ್ರಶ್ನೆ' ಎನ್ನುವುದು ಮೊದಲನೆಯದು. ಉತ್ತರ ಗೊತ್ತಿಲ್ಲ ಎಂದು ಇದರರ್ಥ. 'ಮುಂದೆ ಆ ಸ್ಲೈಡು ಬರುತ್ತದೆ' ಎನ್ನುವುದು ಎರಡನೆಯದು, ಬರುವುದಿಲ್ಲ. 'ಇದನ್ನ ಆಫ್‌ಲೈನ್ ತಗೊಳ್ಳೋಣ' ಎನ್ನುವುದು ಬ್ರಹ್ಮಾಸ್ತ್ರ, ಹಾಗೆ ತಗೊಂಡ ಪ್ರಶ್ನೆ ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇವು ಯಾವುವೂ ನಾಟದಿರುವುದು ಒಬ್ಬರಿಗೆ ಮಾತ್ರ: ತಡವಾಗಿ ಒಳಬಂದು, ನಿಂತೇ ಇದ್ದು, 'ಐದು ನಿಮಿಷ ಇದೆ, ನನ್ನಿಂದ ಏನಾಗಬೇಕು ಹೇಳಿ' ಎನ್ನುವ ದೊಡ್ಡ ಸಾಹೇಬರಿಗೆ. ಆ ವಾಕ್ಯ ನಲವತ್ತೇಳು ಸ್ಲೈಡುಗಳಲ್ಲಿ ಎಲ್ಲೂ ಇಲ್ಲವೆಂದು ಡೆಕ್ಕೇಶ್ವರನಿಗೆ ಹೊಳೆಯುವುದೂ ಆಗಲೇ.

ಬಡ್ತಿ ಈ ಜೀವಿಯ ಕೊನೆಯ ಅವಸ್ಥೆ. ಉಪಾಧ್ಯಕ್ಷನಾದವನು ಸ್ಲೈಡು ಮಾಡುವುದನ್ನು ಬಿಟ್ಟು ತಿದ್ದುವುದಕ್ಕೆ ತೊಡಗುತ್ತಾನೆ. ಅವನಿಗೀಗ ಸಮಯವಿಲ್ಲ, ಕಣ್ಣೂ ಸ್ವಲ್ಪ ಮಂಜಾಗಿದೆ. ಕಿರಿಯರು ತಂದ ಡೆಕ್ಕನ್ನು ಬೆರಳಲ್ಲಿ ಸರಸರ ಜಾರಿಸಿ, 'ಇಷ್ಟೊಂದು ಯಾಕ್ರೀ? ಎಲ್ಲಾ ಒಂದೇ ಸ್ಲೈಡಲ್ಲಿ ಕೊಡಿ. ಫಾಂಟ್ ದೊಡ್ಡದಿರಲಿ' ಎಂದು ಅಪ್ಪಣೆ ಕೊಡುತ್ತಾನೆ. ಕಿರಿಯ ಆ ರಾತ್ರಿಯೇ ಮೂವತ್ತೆರಡು ಸ್ಲೈಡುಗಳನ್ನು ಒಂದಕ್ಕಿಳಿಸಿ, ಎಂಟು ಪಾಯಿಂಟಿನಲ್ಲಿ ಕೂರಿಸಿ, ಫೈಲಿಗೆ 'ಫೈನಲ್' ಎಂದು ಹೆಸರಿಟ್ಟು ಕಳಿಸುತ್ತಾನೆ.