ನ್ಯೂಜೆರ್ಸಿಯ ಶ್ರವಣಕುಮಾರರು

ಪುರಾಣದ ಶ್ರವಣಕುಮಾರನು ತನ್ನ ಅಂಧರಾದ ಮಾತಾಪಿತೃಗಳನ್ನು ಕಾವಡಿಯ ಎರಡು ಬುಟ್ಟಿಗಳಲ್ಲಿ ಕುಳ್ಳಿರಿಸಿಕೊಂಡು ತೀರ್ಥಕ್ಷೇತ್ರಗಳನ್ನು ಸುತ್ತಿದನೆಂಬ ಕಥೆಯನ್ನು ಬಾಲ್ಯದಲ್ಲಿ ಓದಿ ಕಣ್ಣೀರಿಡದವರು ನಮ್ಮಲ್ಲಿ ವಿರಳ. ನಾನು ಈಗ ಹೇಳಹೊರಟಿರುವ ಶ್ರವಣಕುಮಾರರೂ ಕಾವಡಿ ಹೊತ್ತವರೇ. ಆದರೆ ಅವರ ಕಾವಡಿಯ ಎಡಬಲಗಳಲ್ಲಿ ಆಳೆತ್ತರದ ಎರಡು ಸ್ಪೀಕರುಗಳಿವೆ, ಮತ್ತು ಅವುಗಳ ಸಮತೋಲ ಅರ್ಧ ಅಂಗುಲದಷ್ಟು ತಪ್ಪಿದರೂ ಆ ಮಹನೀಯರ ಮುಖದಲ್ಲಿ ಶಬ್ದವೇಧಿ ಬಾಣ ನೆಟ್ಟವನ ಯಾತನೆ ಪ್ರಕಟವಾಗುತ್ತದೆ. ಅವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಅದರಿಂದ ನಮಗೆ ಪ್ರಯೋಜನವಿಲ್ಲ.

ವಾಸ ನ್ಯೂಜೆರ್ಸಿಯ ಎಡಿಸನ್ ಪಟ್ಟಣದಲ್ಲಿ. ಸ್ವತಃ ಕಿವಿ ಮಂದವಾಗಿದ್ದ ಥಾಮಸ್ ಎಡಿಸನ್ನನು 1877ರಲ್ಲಿ ಫೋನೋಗ್ರಾಫನ್ನು ನಿರ್ಮಿಸಿದ ಮೆನ್ಲೋ ಪಾರ್ಕು ಅದೇ ಊರಿನೊಳಗಿನದೆಂಬುದನ್ನೂ, ಜಾಜ್ ಸಂಗೀತದ ಧ್ವನಿಮುದ್ರಣಕ್ಕೆ ಕಾಶಿಯಂತಿರುವ ಎಂಗಲ್‌ವುಡ್ ಕ್ಲಿಫ್ಸ್ ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯ ದಾರಿಯೆಂಬುದನ್ನೂ ಅವರು ಅತಿಥಿಗಳಿಗೆ ಕಾಫಿ ಕೊಡುವುದಕ್ಕೆ ಮುಂಚೆಯೇ ತಿಳಿಸುತ್ತಾರೆ. ಹಗಲೆಲ್ಲ ಊರವರ ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಟ್ಟು, ಬಿಡುವಿನಲ್ಲಿ ತಂದೆತಾಯಿಗಳ ಮನೆಯ ನಡುಮನೆಯಲ್ಲೇ ಮಹಾವಾದಕರ ಸಂಗೀತವನ್ನು ಟೇಪಿಗಿಳಿಸುತ್ತಿದ್ದ ರೂಡಿ ವ್ಯಾನ್ ಗೆಲ್ಡರ್ ಎಂಬಾತ 1959ರಲ್ಲಿ ಅಲ್ಲಿ ಎತ್ತರದ ಮರದ ಛಾವಣಿಯ ಸ್ಟುಡಿಯೋ ಕಟ್ಟಿದನಷ್ಟೆ. ನಮ್ಮ ಮಿತ್ರರು ವರ್ಷಕ್ಕೊಮ್ಮೆ ಹೋಗಿ, ಗರ್ಭಗುಡಿಯ ಬಾಗಿಲು ಹಾಕಿದ ಮೇಲೆ ಬಂದ ಭಕ್ತರಂತೆ, ರಸ್ತೆಯಿಂದಲೇ ದರ್ಶನ ಮಾಡಿಕೊಂಡು ಬರುತ್ತಾರೆ. ತನ್ನ ಯಂತ್ರಗಳನ್ನು ಅನ್ಯರು ಮುಟ್ಟಬಾರದೆಂದು ವ್ಯಾನ್ ಗೆಲ್ಡರ್ ನಿಯಮ ಮಾಡಿದ್ದನು. ಆ ನಿಯಮ ಮಿತ್ರರ ಮನೆಯಲ್ಲಿ ಇಂದಿಗೂ ಜಾರಿಯಲ್ಲಿದ್ದು, ಧೂಳು ಹೊಡೆಯುವ ಅಧಿಕಾರ ಅವರ ಧರ್ಮಪತ್ನಿಗೂ ಪ್ರಾಪ್ತವಾಗಿಲ್ಲ.

ಆ ಸ್ಟುಡಿಯೋದಲ್ಲಿ 1960ರ ಏಪ್ರಿಲ್ 25ರಂದು ಜಿಮ್ಮಿ ಸ್ಮಿತ್ ನುಡಿಸಿ, ಬ್ಲೂ ನೋಟ್ ಕಂಪನಿ 1963ರಲ್ಲಿ ಹೊರತಂದ 'ಬ್ಯಾಕ್ ಅಟ್ ದ ಚಿಕನ್ ಷ್ಯಾಕ್' ಎಂಬ ಧ್ವನಿಮುದ್ರಿಕೆ ಅವರ ಇಷ್ಟದೇವತೆ. ಸ್ಮಿತ್ತನ ವಾದ್ಯ ಹ್ಯಾಮಂಡ್ ಆರ್ಗನ್. ಕೊಳವೆಗಳ ಮಹಾ ಆರ್ಗನ್ನು ಕೊಳ್ಳಲು ಶಕ್ತಿಯಿಲ್ಲದ ಇಗರ್ಜಿಗಳೂ ಕೊಳ್ಳಲೆಂದು ಷಿಕಾಗೋದ ಗಡಿಯಾರ ತಯಾರಕ ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಮಾರಾಟಕ್ಕಿಟ್ಟ ಯಂತ್ರದ ವಂಶದ್ದು. ಒಳಗೆ 91 ಲೋಹದ ಚಕ್ರಗಳು ಮೋಟಾರಿನಿಂದ ತಿರುಗಿ ಸ್ವರ ಹುಟ್ಟಿಸುವ ಈ ಪೆಟ್ಟಿಗೆಯ ತೂಕ 400 ಪೌಂಡಿಗೂ ಮೇಲಾದುದರಿಂದ, ಅಂದಿನ ಆರ್ಗನ್ ವಾದಕರು ಅದನ್ನು ಹಳೆಯ ಶವವಾಹನಗಳಲ್ಲಿ ಸಾಗಿಸಿದ್ದೂ ಉಂಟು. ಸ್ಟ್ಯಾನ್ಲಿ ಟರೆಂಟೀನನ ಸ್ಯಾಕ್ಸೋಫೋನು, ಕೆನ್ನಿ ಬರೆಲ್ಲನ ಗಿಟಾರು, ಡೊನಾಲ್ಡ್ ಬೈಲಿಯ ಡ್ರಮ್ಮುಗಳಿರುವ ಆ ಗೋಷ್ಠಿಯಲ್ಲಿ ಬಾಸ್ ನುಡಿಸುವವನೇ ಇಲ್ಲ. ಮಂದ್ರಸ್ವರಗಳನ್ನು ಸ್ಮಿತ್ತನೇ ಎಡಗೈ ಮತ್ತು ಪಾದಗಳಿಂದ ನಿರ್ವಹಿಸುತ್ತಾನೆ. ನನ್ನಂತಹ ಸಾಮಾನ್ಯನಿಗೆ ಇದು ಕಾಲು ತಾನಾಗಿ ತಾಳ ಹಾಕುವ ಸಂಗೀತ. ಮಿತ್ರರ ಕಾಲು ತಾಳ ಹಾಕಿದ್ದನ್ನು ನಾನು ಕಂಡಿಲ್ಲ; ನೆಲ ಅದುರಿದರೆ ಗ್ರಾಮಫೋನಿನ ಮುಳ್ಳು ಅದುರುತ್ತದಲ್ಲವೆ?

ಈ ಪ್ಲೇಟಿನ 1963ರ ಪ್ರತಿಯೊಂದು ಅವರಲ್ಲಿದೆ. (ನಾನು ಪ್ಲೇಟು ಎಂದೆ, ಅವರೆದುರಿಗೆ 'ಪ್ರೆಸ್ಸಿಂಗ್' ಎನ್ನಬೇಕು.) ಅದರ ಲೇಬಲ್ಲಿನ ಸುತ್ತಲಿನ ಬರಿಯ ಜಾಗದಲ್ಲಿ, ಅಚ್ಚು ಹಾಕಿದ ಪ್ಲಾಸ್ಟಿಲೈಟ್ ಕಾರ್ಖಾನೆಯ ಗುರುತಾದ 'ಪಿ' ಅಕ್ಷರವೊಂದು ವಕ್ರವಾಗಿ ಕೊರೆಯಲ್ಪಟ್ಟು ಕಿವಿಯಂತೆ ಕಾಣುವುದರಿಂದ, ಸಂಗ್ರಾಹಕರು ಅದನ್ನು ಕಿವಿಯೆಂದೇ ಕರೆಯುತ್ತಾರೆ. ಕಂಪನಿ ಕೈಬದಲಾದ ಮೇಲೆ ಒತ್ತಿದ ಪ್ಲೇಟುಗಳಿಗೆ ಈ ಕಿವಿಯಿಲ್ಲ. ಕಿವಿಯುಳ್ಳ ಪ್ಲೇಟಿನ ಬೆಲೆ ಕಿವಿಯಿಲ್ಲದ್ದಕ್ಕಿಂತ ಬಹಳ ಹೆಚ್ಚೆಂಬುದನ್ನು ಕೇಳಿದಾಗ, ಕರ್ಣಹೀನರಾದ ಶ್ರೋತೃಗಳಿಗೂ ಹೀಗೊಂದು ದರಪಟ್ಟಿ ಇದ್ದಿದ್ದರೆ ಸಂಗೀತ ಸಭೆಗಳಿಗೆ ಎಷ್ಟು ಉಪಕಾರವಾಗುತ್ತಿತ್ತೆಂದು ನಾನು ಯೋಚಿಸಿದ್ದುಂಟು.

ಇಷ್ಟಿದ್ದೂ ಸಾಲದೆ, ಮೂಲ ಟೇಪಿನಿಂದಲೇ ಕೊರೆದ ಹೊಸ ಮುದ್ರಣವೊಂದು ಬರುತ್ತದೆಂಬ ವಾರ್ತೆ ಬಂದಿತು. 180 ಗ್ರಾಂ ತೂಕದ ಎರಡು ಪ್ಲೇಟುಗಳು. ನಿಮಿಷಕ್ಕೆ 33ರ ಬದಲು 45 ಸುತ್ತು. ಗೆರೆ ವಿಶಾಲವಾಗಿ ಹರಡಿಕೊಂಡು ಮುಳ್ಳು ವೇಗವಾಗಿ ಓಡುವುದರಿಂದ ನಾದ ಶುದ್ಧವಾಗುತ್ತದೆಂಬುದು ಶಾಸ್ತ್ರ. ಇರುವ ನಾಲ್ಕು ಕೃತಿಗಳಿಗೆ ಮಗ್ಗುಲುಗಳೂ ನಾಲ್ಕು. ಹತ್ತು ನಿಮಿಷಕ್ಕೊಮ್ಮೆ ಎದ್ದು ಪ್ಲೇಟು ಮಗುಚುವುದು ಮಧ್ಯವಯಸ್ಸಿನ ದೇಹಕ್ಕೆ ವ್ಯಾಯಾಮವೂ ಆಯಿತೆನ್ನಿ. ತಿರುಪತಿಯ ಸೇವಾಟಿಕೆಟ್ಟಿಗೆ ಕಾದು ಕೂರುವವರಂತೆ ಮಧ್ಯರಾತ್ರಿಯವರೆಗೂ ಕಾದಿದ್ದು ಅವರು ಎರಡು ಪ್ರತಿಗಳನ್ನು ಸಂಪಾದಿಸಿದರು: ಒಂದು ಕೇಳುವುದಕ್ಕೆ, ಇನ್ನೊಂದು ಸೀಲು ಒಡೆಯದೆ ಇಡುವುದಕ್ಕೆ.

ಕೇಳುವ ವಿಧಿ ರಾತ್ರಿ ಎರಡು ಗಂಟೆಗೆ. ನೆರೆಹೊರೆಯ ಯಂತ್ರಗಳೆಲ್ಲ ನಿದ್ರಿಸಿದ ಮೇಲೆ ಮಾತ್ರ ವಿದ್ಯುತ್ತು ನಿರ್ಮಲವಾಗುತ್ತದೆಂದು ಅವರ ಸಿದ್ಧಾಂತ. ಸ್ವಂತ ಮನೆಯ ಫ್ರಿಜ್ಜನ್ನು ಆರಿಸಿ, ಹತ್ತಿಯ ಕೈಗವಸು ತೊಟ್ಟು, ಪ್ಲೇಟಿಗೆ ಮಜ್ಜನ ಮಾಡಿಸಿ, ಗೋಡೆಗಳಿಂದ ಅಳೆದು ನೆಲದ ಮೇಲೆ ಗುರುತು ಹಾಕಿದ ಪೀಠದಲ್ಲಿ ಅವರು ಆಸೀನರಾಗುತ್ತಾರೆ. "ಮುಳ್ಳು ಇಳಿಸುವ ಹೊತ್ತಿಗೆ ನಮ್ಮ ದೋಸೆಹಿಟ್ಟು ಹುಳಿಯೇರಿರುತ್ತದೆ, ನೋಡಿ" ಎಂದು ಅವರ ಶ್ರೀಮತಿಯವರು ನನ್ನಲ್ಲಿ ದೂರಿಕೊಂಡರು. ನಾದವನ್ನು ಹೆಚ್ಚು ಕೆಡಿಸುವುದು ಪ್ಲೇಟೇ, ಅದು ಮರೆಯಾದದ್ದು ಒಳಿತೇ ಆಯಿತು ಎಂಬರ್ಥದಲ್ಲಿ ವ್ಯಾನ್ ಗೆಲ್ಡರನೇ ವೃದ್ಧಾಪ್ಯದಲ್ಲಿ ನುಡಿದದ್ದನ್ನು ನಾನೊಮ್ಮೆ ನೆನಪಿಸಿದೆ. ಮಿತ್ರರು ಶಾಂತರಾಗಿ, "ದೊಡ್ಡವರು ಏನೋ ಬೇಸರದಲ್ಲಿ ಅಂದಿರುತ್ತಾರೆ" ಎಂದರು.

ಹೊಸ ಮುದ್ರಣವನ್ನು ಮೊದಲ ಸಲ ಕೇಳಿದ ರಾತ್ರಿಯೇ ವಿಪತ್ತು ಒದಗಿತು. ಆರ್ಗನ್ನಿನ ಸ್ವರದ ಹಿಂದೆ ಒಂದು ಸಣ್ಣ 'ಟಿಕ್' ಸದ್ದು. ಮುಳ್ಳೆತ್ತಿ, ಪ್ಲೇಟು ತೊಳೆದು, ಮತ್ತೆ ಹಾಕಿದರು, ಟಿಕ್. ಮುಳ್ಳನ್ನೇ ಬದಲಿಸಿದರು. ತಂತಿಗಳನ್ನು ಬದಲಿಸಿದರು. ಸ್ಪೀಕರುಗಳ ಕೆಳಗೆ ಗ್ರಾನೈಟ್ ಚಪ್ಪಡಿಗಳನ್ನು ಸ್ಥಾಪಿಸಿದರು. ಕಡೆಗೊಂದು ರಾತ್ರಿ, ಬಲಿಪೀಠಕ್ಕೆ ಹೊರಟವರ ಮುಖಭಾವದಿಂದ, ಸೀಲಾಗಿದ್ದ ಎರಡನೆಯ ಪ್ರತಿಯನ್ನೂ ಒಡೆದರು. ಅದೇ ಜಾಗದಲ್ಲಿ ಅದೇ ಟಿಕ್.

ತಿಪಟೂರಿನ ಕಡೆಯಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅವರ ತಂದೆಯವರು ಈ ಸಂದರ್ಭದಲ್ಲಿ ರಂಗಪ್ರವೇಶ ಮಾಡಿದರು. ಎಂಬತ್ತರ ವಯಸ್ಸು, ಕಾಲಮಾನದ ವ್ಯತ್ಯಾಸದಿಂದಲೋ ವೃದ್ಧಾಪ್ಯದಿಂದಲೋ ರಾತ್ರಿ ನಿದ್ರೆ ಬಾರದು. ನಡುರಾತ್ರಿ ಎದ್ದುಬಂದು, ನಿಷಿದ್ಧವಾದ ಪೀಠದಲ್ಲೇ ಕುಳಿತು, ಶಾಲು ಹೊದ್ದು ಕಾಲಿನಿಂದ ತಾಳ ಹಾಕತೊಡಗಿದರು. ಬಾಲ್ಯದಲ್ಲಿ ಗುಬ್ಬಿ ಕಂಪನಿಯ ನಾಟಕಗಳನ್ನು ರಂಗದ ಮುಂದೆಯೇ ಕುಳಿತು, ಲೆಗ್ ಹಾರ್ಮೋನಿಯಮ್ಮಿನ ಮೇಷ್ಟರ ಪಾದಗಳನ್ನೇ ನೋಡುತ್ತ ಕೇಳಿದವರು.

"ಕಾಲಲ್ಲೇ ಮಂದ್ರ ನುಡಿಸ್ತಾ ಇದಾನಲ್ಲೋ ಇವನು! ನಮ್ಮ ಮೇಷ್ಟರ ಕಾಲು ಗಾಳಿ ಒತ್ತೋದಕ್ಕಷ್ಟೇ ಆಗ್ತಿತ್ತು" ಎಂದರು.

"ಅಪ್ಪಾ, ಸ್ವಲ್ಪ ಸುಮ್ಮನಿರಿ. ಆ ಟಿಕ್ ಕೇಳಿಸಿತೆ?"

"ಅದೇ? ಮನೆ ಒತ್ತಿದ ಸದ್ದು ಕಣೋ. ಹಾರ್ಮೋನಿಯಮ್ಮಿಗೂ ಇರ್ತಿತ್ತು. ಹತ್ತಿರ ಕೂತವರಿಗೆ ಮಾತ್ರ ಕೇಳ್ತಿತ್ತು."

ವೃದ್ಧರು ಅಮೆರಿಕದ ಆರ್ಗನ್ನನ್ನು ಕಣ್ಣಿನಿಂದ ಕಂಡವರಲ್ಲವಾದರೂ ನಿದಾನ ಸರಿಯಾಗಿಯೇ ಇತ್ತು. ಹ್ಯಾಮಂಡ್ ಆರ್ಗನ್ನಿನ ಒಂದೊಂದು ಮನೆಯ (ಕೀಲಿಯ) ಅಡಿಯಲ್ಲಿ ಒಂಬತ್ತು ವಿದ್ಯುತ್ ಸಂಪರ್ಕಗಳಿದ್ದು, ಬೆರಳಿಟ್ಟಾಗ ಅವೆಲ್ಲ ಒಂದೇ ಕ್ಷಣದಲ್ಲಿ ಕೂಡದೆ ಹಿಂದುಮುಂದಾಗುವುದರಿಂದ ಆ ಸದ್ದು ಹುಟ್ಟುತ್ತದೆ. ಕಾರ್ಖಾನೆಯ ಎಂಜಿನಿಯರುಗಳು ಅದನ್ನು ದೋಷವೆಂದೆಣಿಸಿ ಅಡಗಿಸಲು ಶ್ರಮಿಸಿದರು. ಜಾಜ್ ವಾದಕರಾದರೋ ಅದನ್ನೇ ಮೃದಂಗದ ಚಾಪಿನಂತೆ ಬಳಸಿಕೊಂಡರು. ಅರುವತ್ತು ವರ್ಷಗಳಿಂದ ಜಗತ್ತು ತಲೆದೂಗುತ್ತಿದ್ದ ಆ ಸದ್ದನ್ನು ನಮ್ಮ ಮಿತ್ರರು ಮೂರು ವಾರ ಸಾಬೂನುನೀರಿನಿಂದ ತೊಳೆದಿದ್ದರು.

ಈ ವೃತ್ತಾಂತವನ್ನು ಶ್ರೀಮತಿಯವರಿಂದ ಕೇಳಿದ ನಾನು, ಇನ್ನಾದರೂ ಆ ಮನೆಯ ಫ್ರಿಜ್ಜಿಗೆ ರಾತ್ರಿಪಾಳಿ ಲಭಿಸೀತೆಂದು ಹರ್ಷಪಟ್ಟೆನು. ನಾಲ್ಕು ದಿನ ಕಳೆಯುವುದರೊಳಗೆ ಮಿತ್ರರೇ ದೂರವಾಣಿ ಮಾಡಿದರು. ಕಂಠದಲ್ಲಿ ಹೊಸ ಉತ್ಸಾಹ.

"ಜಪಾನಿನ ಪ್ರೆಸ್ಸಿಂಗ್ ಒಂದಿದೆಯಂತೆ. ಅದರಲ್ಲಿ ಟಿಕ್ ಇನ್ನೂ ಸ್ಪಷ್ಟವಾಗಿ ಕೇಳುತ್ತದಂತೆ. ಎರಡು ತರಿಸುತ್ತಿದ್ದೇನೆ."

ಅವರ ಮಾತಿನ ಹಿಂದಿನಿಂದ ತಂದೆಯವರ ಧ್ವನಿ ಕ್ಷೀಣವಾಗಿ ಬಂದಿತು: "ಮಗೂ, ಅವತ್ತು ಅರ್ಧಕ್ಕೇ ಮುಳ್ಳೆತ್ತಿದೆಯಲ್ಲ, ಆ ಹಾಡಿನ ಉಳಿದದ್ದು ಹಾಕ್ತೀಯೇನೋ?"

"ಇನ್ನೂ ಹಗಲು, ಅಪ್ಪಾ" ಎಂದರು ಶ್ರವಣಕುಮಾರರು.